ಕುಣಿಗಲ್‌ಗೆ ಕೇಳದ ರಂಗಗೀತೆ

‘ತುಂಬಾ ಚೆನ್ನಾಗಿತ್ತು ಅಜ್ಜಿ.’ ಹಾಗೆಂದು ಒಂಬತ್ತು ದಿನವಾಗಿದ್ದರೂ ತನ್ನದೇ ಆ ಮಾತು ಇಂಪನಾಳನ್ನು ಬಿಟ್ಟಿರಲಿಲ್ಲ. ಮಗಳಿಗೆ ರಾಗಿ ಸರಿ ತಿನ್ನಿಸುವಾಗ, ಬಟ್ಟೆ ಒಣಹಾಕುವಾಗ, ಸುಮ್ಮನೆ ನಿಂತಾಗಲೂ ಕಿವಿಯಲ್ಲಿ ಅದೇ. ಯಾಕೆಂದರೆ ಅಜ್ಜಿ ಹಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ.

ತುಮಕೂರಿನಲ್ಲೇ ಹುಟ್ಟಿ ಓದಿದವಳು ಇಂಪನಾ. ಮಗು ಹುಟ್ಟುವವರೆಗೂ ಶಾಲೆಯೊಂದರಲ್ಲಿ ಸಂಗೀತದ ಟೀಚರಾಗಿದ್ದಳು. ಈಗ ಪ್ರತಿ ಸೋಮವಾರ ಅದೇ ಊರಿನ ಸದಾಶಿವನಗರದ ಮನೆಯಲ್ಲೇ ಲ್ಯಾಪ್‌ಟಾಪ್ ತೆರೆದು ಕೂತು, ಗುಬ್ಬಿಯ ಒಂದು ಶಾಲೆಗೂ ಕುಣಿಗಲ್‌ನ ಒಂದು ಶಾಲೆಗೂ ಒಟ್ಟಿಗೇ ವಿಡಿಯೋ ಪಾಠ ಮಾಡುತ್ತಿದ್ದಳು. ಜನ ಬಾಯಿತುಂಬ ಹಾಡಿಕೊಂಡ ಹಾಡುಗಳ ಚರಿತ್ರೆ ಅದು: ನಾಟಕ ಕಂಪನಿಯ ಟೆಂಟು, ಗ್ರಾಮಫೋನು, ರೇಡಿಯೊ, ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ, ಕ್ಯಾಸೆಟ್ಟು. ಎರಡೂ ಶಾಲೆಯ ಮೈಕು ಒಟ್ಟಿಗೆ ತೆರೆದರೆ ಮಾತಿನ ಮೇಲೆ ಮಾತು ಮೊಳಗಿ ಏನೂ ಕೇಳಿಸುತ್ತಿರಲಿಲ್ಲ. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವುದು ಅವಳದೇ ಕೆಲಸ.

ನಾಟಕದ ಹಾಡಿನ ಪಾಠದ ದಿನ ಗುಬ್ಬಿಯ ಒಂಬತ್ತನೇ ಕ್ಲಾಸಿನ ಸುಧಾ ತನ್ನ ಅಜ್ಜಿ ಚಿಕ್ಕಮಾರಮ್ಮನನ್ನು ಕರೆತಂದು ಕ್ಯಾಮೆರಾದ ಮುಂದೆ ಕೂರಿಸಿದಳು. ಅಜ್ಜಿಯ ಅಪ್ಪ ನಾಟಕ ಕಂಪನಿಯಲ್ಲಿ ತಬಲಾ ನುಡಿಸುತ್ತಿದ್ದವರು. ಪರದೆಯ ಹಿಂದೆ ಕೂತು ಕೇಳಿ ಕೇಳಿಯೇ, ಆಗಿನ್ನೂ ಹುಡುಗಿಯಾಗಿದ್ದ ಅಜ್ಜಿ ಹಾಡು ಕಲಿತಿದ್ದರಂತೆ.

“ಮದ್ವೆ ಆದ್ಮೇಲೆ ನಮ್ಮನೆಯೋರು, ‘ಇದೇನ್ ನಾಟಕದ ಮನೇನಾ?’ ಅಂದ್ರು. ಅವತ್ತಿಗೆ ನಿಲ್ಸಿದ್ದು ಕಣವ್ವ. ಐವತ್ ವರ್ಸ ಆಯ್ತು” ಎಂದರು ಅಜ್ಜಿ.

“ಇವತ್ತು ಹಾಡಿ ಅಜ್ಜಿ. ಕುಣಿಗಲ್ ಮಕ್ಕಳೂ ಕಾಯ್ತಾ ಇದಾರೆ.”

ಅಷ್ಟರಲ್ಲಿ ಗುಬ್ಬಿಯ ಕಡೆ ಬಿಸಿಯೂಟದ ತಟ್ಟೆಗಳ ಸದ್ದು ಜೋರಾಯಿತು. ಅದು ನಿಲ್ಲಲೆಂದು ಇಂಪನಾ ಆ ಮೈಕನ್ನು ಮುಚ್ಚಿದಳು. ಅದೇ ಗಳಿಗೆಯಲ್ಲಿ ಒಳಗೆ ಮಗಳು ಮಂಚದಿಂದ ಬಿದ್ದು ಚೀರಿದಳು. ಓಡಿಹೋಗಿ, ಹಣೆ ಸವರಿ, ಎತ್ತಿಕೊಂಡು ಬರುವಷ್ಟರಲ್ಲಿ ಪರದೆಯ ಮೇಲೆ ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದರು. ಗುಬ್ಬಿಯ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು, ಸದ್ದಿಲ್ಲದೆ. ಕುಣಿಗಲ್‌ನ ಮಕ್ಕಳು ಪಿಳಿಪಿಳಿ ನೋಡುತ್ತಿದ್ದರು. ‘ಮೇಡಂ, ಸೌಂಡ್ ಬರ್ತಿಲ್ಲ’ ಎಂದು ಅಲ್ಲಿಯ ಮೇಷ್ಟ್ರು ಮೋಹನ್‌ಕುಮಾರ್ ಮೂರು ಸಲ ಮೆಸೇಜು ಹಾಕಿದ್ದರು.

ಅಜ್ಜಿ ಕೈಮುಗಿದರು. ಇಂಪನಾಳ ಬಾಯಿಂದ ಆ ಮಾತು ತಾನಾಗಿ ಉದುರಿತು.

ಮುಂದಿನ ಸೋಮವಾರ ಪಾಠ ಶುರುವಾಗುವ ಮೊದಲೇ ಸುಧಾ ಕೈ ಎತ್ತಿದಳು. “ಮಿಸ್, ಅಜ್ಜಿ ಹಾಡಿದ್ದು ರೆಕಾರ್ಡ್ ಆಗೈತಲ್ವಾ? ಕಳ್ಸಿ ಮಿಸ್. ನಮ್ಮಪ್ಪ ಒಂದ್ಸಲಾನೂ ಅಜ್ಜಿ ಹಾಡಿದ್ದು ಕೇಳಿಲ್ವಂತೆ. ಅಜ್ಜಿ ಬೀದಿಯೋರ್ಗೆಲ್ಲ ಹೇಳ್ಕೊಂಡ್ ತಿರುಗ್ತಾವ್ರೆ, ‘ತುಮಕೂರು, ಕುಣಿಗಲ್ ಎಲ್ಲಾ ಕೇಳ್ತು’ ಅಂತ.”

“ಕಳಿಸ್ತೀನಿ ಪುಟ್ಟ” ಎಂದುಬಿಟ್ಟಳು ಇಂಪನಾ. ಇದು ಎರಡನೇ ಸುಳ್ಳು. ರೆಕಾರ್ಡಿಂಗನ್ನು ಅವಳು ನಾಲ್ಕು ಸಲ ಹಾಕಿ ನೋಡಿದ್ದಳು. ಅಜ್ಜಿಯ ತುಟಿ ಆಡುತ್ತಿತ್ತು, ತೊಡೆಯ ಮೇಲೆ ಕೈ ತಾಳ ಹಾಕುತ್ತಿತ್ತು; ಕೇಳುತ್ತಿದ್ದುದು ಮಾತ್ರ ತನ್ನದೇ ಮನೆಯ ಅಳು.

“ನೆಟ್‌ವರ್ಕ್ ಸರಿ ಇರ್ಲಿಲ್ಲ ಅಂದ್ಬಿಡೇ. ಗುಬ್ಬೀಲಿ ಯಾರ್ ನಂಬಲ್ಲ?” ಎಂದ ಗಂಡ ಗಂಗಾಧರ್ ಬುಧವಾರ ಬೆಳಿಗ್ಗೆ, ವಸಂತನರಸಾಪುರದ ಕಂಪನಿ ಬಸ್ಸು ಹಿಡಿಯಲು ಬ್ಯಾಗು ಹೆಗಲಿಗೇರಿಸಿಕೊಳ್ಳುತ್ತ.

“ಎಲ್ಲಾ ನಂಬ್ತಾರೆ ಕಣ್ರೀ. ಅದೇ ಭಯ.”

“ಹೋಗ್ಲಿ, ಇನ್ನೊಂದ್ಸಲ ಹಾಡ್ಸು.”

“ಚೆನ್ನಾಗಿತ್ತು ಅಂದಿದೀನಲ್ರೀ. ಈಗ ಏನಂತ ಕೇಳ್ಲಿ?”

“ನೀನೊಬ್ಳು” ಎಂದು ಅವನು ಹೊರಟುಹೋದ.

ಫೈಲು ಹಾಳಾಗಿದೆ ಎಂದು ಬರೆದಳು, ಅಳಿಸಿದಳು. ಕರೆಂಟು ಹೋಗಿತ್ತು ಎಂದು ಬರೆದಳು, ಅದನ್ನೂ ಅಳಿಸಿದಳು. ಐವತ್ತು ವರ್ಷ ಒಬ್ಬರು ಬಾಯಿ ಮುಚ್ಚಿಸಿದರು. ಬಾಯಿ ತೆರೆದ ದಿನ ತಾನು ಮುಚ್ಚಿಸಿದೆನಲ್ಲ ಎನಿಸಿತು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸುಧಾಳ ಮನೆಗೆ ಫೋನು ಮಾಡಿದಳು. ಎತ್ತಿದ್ದು ಅಜ್ಜಿಯೇ.

“ಯಾರವ್ವಾ? ಓ, ಮೇಷ್ಟ್ರಮ್ಮ!”

“ಅಜ್ಜಿ, ಅವತ್ತು ನಿಮ್ಮ ಹಾಡು ನಾನು ಕೇಳ್ಲಿಲ್ಲ. ಮೈಕ್ ಮುಚ್ಚಿ, ತೆಗೆಯೋದು ಮರೆತುಬಿಟ್ಟೆ. ಕುಣಿಗಲ್‌ನೋರಿಗೂ ಕೇಳ್ಲಿಲ್ಲ. ರೆಕಾರ್ಡೂ ಆಗಿಲ್ಲ.”

  

“ಮತ್ತೆ ಚೆಂದಾಗಿತ್ತು ಅಂದ್ಯಲ್ಲವ್ವಾ?”

“ಸುಳ್ಳು ಹೇಳ್ದೆ ಅಜ್ಜಿ.”

“ನಾನು ಬೀದಿಗೆಲ್ಲ ಹೇಳ್ಕೊಂಡ್ ಬಂದಿವ್ನಿ.”

“ನಾಳೆ ನಾನೇ ಗುಬ್ಬಿಗೆ ಬರ್ತೀನಿ. ನಿಮ್ಮೆದುರಿಗೇ ಕೂತು ಕೇಳ್ತೀನಿ.”

“ಬಾ. ಬ್ಯಾಡ ಅನ್ನಾಕಿಲ್ಲ” ಎಂದರು ಚಿಕ್ಕಮಾರಮ್ಮ. “ಆದ್ರೆ ಹಾಡ್ತೀನಿ ಅಂತ ಮಾತ್ ಕೊಡಾಕಿಲ್ಲ ಕಣವ್ವ. ಅವತ್ತು ಬಾಯ್ ತೆಗ್ಯಕ್ಕೆ ನಂಗೆ ಎಷ್ಟ್ ಧೈರ್ಯ ಬೇಕಾಯ್ತು ಅಂತ ನಿಂಗೊತ್ತಿಲ್ಲ.”