ಡೋರ್ಸಿಯ ನಿಧಾನ

ಅರಿಜೋನಾದ ಆ ಮರುಭೂಮಿಯಲ್ಲಿ ಚಳಿಗಾಲದ ಹಗಲಿಗೆ ತೆಳು ಅಂಗಿ ಸಾಕು. ಹೊತ್ತು ಮುಳುಗಿತೋ, ಹಲ್ಲು ಕಟಕಟ. ಟ್ರಕ್ಕಿನ ಹಿಂದೆ ಗಾಡಿಮನೆ ಕಟ್ಟಿಕೊಂಡು ಬಂದು ಬೀಡುಬಿಡುವ ಮುದುಕರ ಗುಂಪಿನಲ್ಲಿ ಲವೋನಾ ಹಳಬಳು. ಗಂಡ ಡೋರ್ಸಿ ತೀರಿಕೊಂಡ ಮೇಲೆ ಈ ಸಲ ತಾನೇ ಟ್ರಕ್ಕು ಓಡಿಸಿಕೊಂಡು ಬಂದಿದ್ದಳು. ಅಂಥ ಗಟ್ಟಿಗಿತ್ತಿಯನ್ನು ಗಾಡಿಮನೆಯ ಗ್ಯಾಸ್ ಹೀಟರು ಸೋಲಿಸಿತ್ತು. ಫ್ಯಾನು ತಿರುಗುತ್ತಿತ್ತು, ಕಿಡಿ ಹಾರುತ್ತಿತ್ತು, ಉರಿ ಭಗ್ಗೆಂದು ಎದ್ದು ಆರಿಹೋಗುತ್ತಿತ್ತು.

ಬೆಳಿಗ್ಗೆ ಮಗಳು ಕೊರೀನ್ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಳು: "ಅಮ್ಮಾ, ಸಂಜೆ ಬರ್ತೀನಿ. ಒಳಗೆ ತಣ್ಣಗಿದ್ರೆ ಮುಗೀತು. ಗಾಡಿ ಮಾರೋದು, ನೀನು ನಮ್ಮನೇಗೆ ಬರೋದು."

ಮಗಳು ಕೆಟ್ಟವಳಲ್ಲ. ಆದರೆ ಅವಳ ಅಡಿಗೆಮನೆಯಲ್ಲಿ ಒಂದು ಲೋಟ ಕಾಫಿಗೂ ಅವಳ ಮುಖ ನೋಡಬೇಕಲ್ಲ ಎಂದು ನೆನೆದರೇ ಲವೋನಾಗೆ ಆ ಮನೆ ಬೇಡವೆನಿಸುತ್ತಿತ್ತು.

ಲವೋನಾ ಗಾಡಿಯ ಹೊರಗೋಡೆಯಲ್ಲಿದ್ದ ಹೀಟರಿನ ಮುಚ್ಚಳ ಬಿಚ್ಚಿದಳು. ಆ ಬೀಡಿನಲ್ಲಿ ಯಾರದಾದರೂ ಗಾಡಿಯ ಒಂದು ಸ್ಕ್ರೂ ಸಡಿಲವಾದರೆ ಸಾಕು, ಗಂಡಸರೆಲ್ಲ ಮಡಿಚುವ ಕುರ್ಚಿ ಹಿಡಿದು ಹಾಜರು. ಕುರ್ಚಿ ತರುತ್ತಾರೆ, ಸ್ಪ್ಯಾನರ್ ಮಾತ್ರ ತರುವುದಿಲ್ಲ.

"ಬ್ಯಾಟರಿ ಸತ್ತಿದೆ," ಎಂದ ಪಕ್ಕದ ಗಾಡಿಯ ಹಾಲಿಸ್, ಕಾಲು ಚಾಚಿ.

"ನಿನ್ನ ತಲೆ! ಹೊಗೆ ಕೊಳವೇಲಿ ಕಣಜ ಗೂಡು ಕಟ್ಟಿದೆ," ಎಂದ ಬರ್ಲ್.

ಬ್ಯಾಟರಿ ನೆಟ್ಟಗಿತ್ತು. ಗೂಡೇನೋ ಸಿಕ್ಕಿತು. ಅದನ್ನು ಕೆರೆದು ತೆಗೆದರೂ ಉರಿ ನಿಲ್ಲಲಿಲ್ಲ.

"ಹೊಸದೇ ಹಾಕ್ಸಮ್ಮ," ಎಂದ ಹಾಲಿಸ್.

"ಬಾಯಿಗೆ ಕಾಫಿ ಹಾಕ್ತೀನಿ, ಸ್ವಲ್ಪ ಸುಮ್ನಿರು," ಎಂದು ಲವೋನಾ ಒಳಗೆ ಹೋಗಿ ಒಲೆ ಹಚ್ಚಿದಳು. ಹೊರಗೆ ಹೀಟರು ಮತ್ತೆ ಗುರ್ ಎಂದದ್ದೇ ತಡ, ಒಲೆಯ ಉರಿ ಕುಗ್ಗಿ ಮಣಿಯಷ್ಟಾಯಿತು. ಗ್ಯಾಸೇ ಸಾಲುತ್ತಿಲ್ಲ! ಸಿಲಿಂಡರೋ, ನಿನ್ನೆ ತಾನೇ ಹಾಕಿದ ತುಂಬು ಸಿಲಿಂಡರು. ಅದರ ತಲೆಯ ತಿರುಪನ್ನು ಅವಳೇ ಗಿರ್ರನೆ ಒಂದೇ ಏಟಿಗೆ ಬಿಚ್ಚಿದ್ದಳು.

ಡೋರ್ಸಿ ಹಾಗೆ ಬಿಚ್ಚಿದವನೇ ಅಲ್ಲ. ಮಂಡಿಯೂರಿ ಕೂತು, ಏನೋ ಗುನುಗುತ್ತ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸುತ್ತಿದ್ದ. "ಏನಯ್ಯಾ, ಬ್ಯಾಂಕಿನ ತಿಜೋರಿ ಒಡೀತಿದೀಯಾ?" ಎಂದು ಅವಳು ರೇಗಿಸಿದಾಗೆಲ್ಲ ಅವನದು ಒಂದೇ ಮಾತು: "ಗ್ಯಾಸು ಒಂದೇ ಸಲ ನುಗ್ಗಿದ್ರೆ ಎಲ್ಲೋ ಸೋರ್ತಿದೆ ಅನ್ಕೊಂಡು ಒಳಗಿನ ವಾಲ್ವು ಬಾಗಿಲು ಹಾಕ್ಕೊಂಡ್ಬಿಡುತ್ತೆ ಕಣೇ." ಅವಳು ಅದನ್ನು ಕಿವಿಗೆ ಹಾಕಿಕೊಂಡಿದ್ದರೆ ತಾನೇ!

ಒಲೆ, ಹೀಟರು ಆರಿಸಿ ಸಿಲಿಂಡರಿನ ತಿರುಪು ಮುಚ್ಚಿದಳು. ಸ್ವಲ್ಪ ಹೊತ್ತು ಬಿಟ್ಟು ಅದರ ಮುಂದೆ ಮಂಡಿಯೂರಿದಳು. ಮಂಡಿ ನೋವಿಗೆ ಕಣ್ಣು ಕತ್ತಲಿಟ್ಟಿತು.

"ಏನ್ ಲವೋನಾ, ಪ್ರಾರ್ಥನೇನಾ?" ಬರ್ಲ್ ನಕ್ಕ.

ಅವಳು ತಿರುಪಿಗೆ ಕೈಹಾಕಿದಳು. ಕೂದಲೆಳೆಯಷ್ಟು ತಿರುಗಿಸಿದಳು, ತಡೆದಳು, ಮತ್ತೆ ತಿರುಗಿಸಿದಳು. ತಾನೂ ಏನೋ ಗುನುಗುತ್ತಿದ್ದೇನೆಂದು ಅವಳಿಗೆ ಆಮೇಲೆ ಗೊತ್ತಾಯಿತು. ಎದ್ದು ಹೀಟರು ಹಾಕಿದಳು; ಹೊತ್ತಿತು, ಹೊತ್ತಿಕೊಂಡೇ ಇತ್ತು. ಬದುಕಿದ್ದಾಗ ಒಂದು ದಿನವಾದರೂ ಅವನ ನಿಧಾನವನ್ನು ಮೆಚ್ಚಲಿಲ್ಲವಲ್ಲ ಎಂದು ಅವಳಿಗೆ ಅಳು ಬಂತು. ಗಂಡಸರು ಕುರ್ಚಿ ಮಡಿಚಿಕೊಂಡು ತೆಪ್ಪಗೆ ಹೊರಟರು.

ಸಂಜೆ ಕೊರೀನ್ ಮುಖ ಬಿಗಿದುಕೊಂಡೇ ಬಂದಳು. ಸಾಮಾನು ಕಟ್ಟಲು ರಟ್ಟಿನ ಪೆಟ್ಟಿಗೆಗಳು ಕಾರಿನ ತುಂಬ ಇದ್ದವು. ಒಳಗೆ ಕೂತು ಕೋಟು ಬಿಚ್ಚಿದಳು. ಸ್ವಲ್ಪ ಹೊತ್ತಿಗೆ ಸ್ವೆಟರೂ ಬಿಚ್ಚಿದಳು.

"ಅಮ್ಮಾ, ಒಂಚೂರು ಕಮ್ಮಿ ಮಾಡ್ತೀಯಾ? ಸೆಖೆ."

"ಕಾಫಿ ಕುಡಿ ಮೊದ್ಲು," ಎಂದಳು ಲವೋನಾ.

ಪೆಟ್ಟಿಗೆಗಳು ಕಾರಿನಿಂದ ಇಳಿಯಲಿಲ್ಲ.