ಕೂಡಬಾರದ ಕಾಲು

ನಮ್ಮ ಬೀದಿಯ ‘ಲಾ ಪಾಯಿಂಟು’ ಕಾನೂನು ಕಲಿತದ್ದು ಕೋರ್ಟಿನ ಕ್ಯಾಂಟೀನಿನಲ್ಲಿ. ಯಾರೋ ಗುಮಾಸ್ತ ಚಹಾ ಹೀರುತ್ತಾ ಉದುರಿಸಿದ ಮಾತನ್ನು ಹೆಕ್ಕಿ ತಂದು, ತನ್ನ ಉಗುಳನ್ನೂ ಬೆರೆಸಿ ಕಂಡವರಿಗೆಲ್ಲ ಹಂಚುವುದು ಅವನ ಉದ್ಯೋಗ. ಬೇರೆ ಉದ್ಯೋಗ ಇರಲಿಲ್ಲ.

ಅವನ ಅದೃಷ್ಟಕ್ಕೆ ನಾದಿನಿಯ ಕಾಲು ಮುರಿಯಿತು. ಇಸ್ತ್ರಿ ಅಂಗಡಿ ಅವಳದು. ಬೆಳಗಿನಿಂದ ಸಂಜೆಯವರೆಗೂ ನಿಂತೇ ಮಾಡುವ ಕೆಲಸ. ಹಿಂದುಮುಂದು ನೋಡದೆ ಹಿಂದಕ್ಕೆ ಬಂದ ಬ್ರೆಡ್ಡಿನ ವ್ಯಾನೊಂದು ಅವಳ ಕಾಲನ್ನು ಗೋಡೆಗೆ ಒತ್ತಿಬಿಟ್ಟಿತು. ವ್ಯಾನಿನ ನಂಬರು ಬರೆದುಕೊಂಡವನು, ಆಸ್ಪತ್ರೆಗೆ ಹೊತ್ತವನು, ಪೊಲೀಸರಿಗೆ ದೂರು ಕೊಡಿಸಿದವನು ಪಕ್ಕದ ಅಂಗಡಿಯ ಬೀಗ ರಿಪೇರಿಯವನು. ಭಾವ ಬಂದದ್ದು ಪ್ಲಾಸ್ಟರು ಒಣಗಿದ ಮೇಲೆ.

ಪ್ಲಾಸ್ಟರು ಬಿಚ್ಚಿದ ದಿನ ಡಾಕ್ಟರು, “ದಿನಾ ವ್ಯಾಯಾಮ ಮಾಡಿಸಿ. ಇಲ್ದಿದ್ರೆ ಕೀಲು ಹಿಡ್ಕೊಳ್ಳುತ್ತೆ, ನಿಂತು ಕೆಲಸ ಮಾಡೋದನ್ನ ಮರೆತುಬಿಡಿ” ಎಂದರು. ಭಾವ ಆಸ್ಪತ್ರೆಯ ಮೆಟ್ಟಿಲಲ್ಲೇ ತೀರ್ಪು ಕೊಟ್ಟ.

“ವ್ಯಾಯಾಮ ಗೀಯಾಮ ಏನೂ ಬೇಡ. ವಾಸಿಯಾದ ಕಾಲಿಗೆ ಯಾವ ಜಡ್ಜು ಮರುಗ್ತಾನೆ? ನೋವು ಜಾಸ್ತಿ ಆದಷ್ಟೂ ಪರಿಹಾರ ಜಾಸ್ತಿ. ಇದು ಲಾ ಪಾಯಿಂಟು!”

“ಕೇಸು ಯಾವಾಗ ಹಾಕೋದು ಭಾವ?”

“ಆತುರ ಪಡಬೇಡಮ್ಮ. ಕಾಲ ಕೂಡಿ ಬರಲಿ.”

ಕಾಲ ಕೂಡಬೇಕಂತೆ, ಕಾಲು ಕೂಡಬಾರದಂತೆ!

ಅಂದಿನಿಂದ ಆ ಕಾಲು ಅವನ ಸ್ವಂತ ಆಸ್ತಿಯಾಯಿತು. ಸೈಟು ತೋರಿಸುವ ದಲ್ಲಾಳಿಯ ಹಾಗೆ ಬಂದವರಿಗೆಲ್ಲ ಬಾವು ತೋರಿಸಿದ. ಅವಳು ನೀರು ಕುಡಿಯಲು ಎದ್ದರೆ, “ಕೂತ್ಕೋ, ಯಾರಾದ್ರೂ ನೋಡಿಯಾರು!” ಎಂದು ಹೌಹಾರುತ್ತಿದ್ದ.

“ಅದು ನನ್ನ ತಂಗಿ ಕಾಲು ಕಣ್ರೀ, ನಿಮ್ಮ ಲಾಟರಿ ಟಿಕೆಟ್ಟಲ್ಲ” ಎಂದಳು ಅವನ ಹೆಂಡತಿ. ಅವನ ಕಿವಿಗೆ ಅದು ಪ್ರಶಂಸೆಯಂತೆ ಕೇಳಿಸಿರಬೇಕು, ಮುಗುಳ್ನಕ್ಕ.

ಒಂದು ಬೆಳಿಗ್ಗೆ ನಾದಿನಿ ಅಂಗಡಿಯ ಬಾಗಿಲು ತೆಗೆಸಿ, ಮೇಜಿನ ಮುಂದೆ ನಿಲ್ಲಲು ನೋಡಿದಳು. ಹಿಮ್ಮಡಿ ನೆಲ ಮುಟ್ಟಲಿಲ್ಲ. ಅಕ್ಕನ ಹೆಗಲು ಹಿಡಿದು ನೇರ ವಕೀಲೆಯೊಬ್ಬರ ಕಚೇರಿಗೆ ಹೋದಳು. ವಾದ ಮಂಡಿಸಲು ಭಾವನೂ ಹಿಂದೆಯೇ ಓಡಿದ.

“ಚಿಕಿತ್ಸೆ ಯಾಕೆ ನಿಲ್ಲಿಸಿದ್ರಿ?” ಎಂದರು, ನಡೆದದ್ದನ್ನೆಲ್ಲ ಕೇಳಿಸಿಕೊಂಡ ವಕೀಲೆ. ಭಾವ ಎದೆಯುಬ್ಬಿಸಿ ತನ್ನ ಪಾಯಿಂಟು ವಿವರಿಸಿದ. ಅವರು ಕನ್ನಡಕ ತೆಗೆದಿಟ್ಟರು.

“ಮೂಳೆ ಮುರಿದಿದ್ದು ವ್ಯಾನು, ಕೀಲು ಕೆಡಿಸಿದ್ದು ನೀವು. ಡಾಕ್ಟರ್ ಹೇಳಿದ್ದನ್ನ ಯಾಕೆ ಮಾಡ್ಲಿಲ್ಲ ಅಂತ ಎದುರಿನ ವಕೀಲರು ಮೊದಲು ಕೇಳ್ತಾರೆ. ನೀವು ಕೆಡಿಸಿದ್ದಕ್ಕೂ ಅವರೇ ಕೊಡಬೇಕಾ? ಇದಕ್ಕೆ ನಿಮ್ಮ ಮೇಲೆ ಇನ್ನೊಂದು ಕೇಸು ಹಾಕಬೇಕಷ್ಟೆ.”

ಭಾವ ಸೀಲಿಂಗ್ ಫ್ಯಾನಿನ ಅಧ್ಯಯನಕ್ಕೆ ತೊಡಗಿದ.

“ಕೇಸು ಹಾಕೋ ಗಡುವಿನೊಳಗೆ ಬಂದ್ರಲ್ಲ, ಬಚಾವು” ಎಂದರು ವಕೀಲೆ ಅವಳಿಗೆ. “ತಡವಾಗಿದ್ರೆ ಕೋರ್ಟು ಬಾಗಿಲಿಂದಲೇ ವಾಪಸ್ ಕಳಿಸ್ತಿತ್ತು. ದೂರಿನ ಪ್ರತಿ, ಆಸ್ಪತ್ರೆ ಚೀಟಿಗಳು ತನ್ನಿ. ಬೀಗದವರನ್ನ ಸಾಕ್ಷಿಗೆ ಕರೀರಿ. ಆದರೆ ದಾವೆಗೆ ಮೊದಲು ದವಾಖಾನೆ!”

ಹಿಡಿದ ಕೀಲನ್ನು ಬಿಡಿಸುವಾಗ ಅವಳು ಹಲ್ಲು ಕಚ್ಚಿ ಅತ್ತಳು. ಮರುದಿನ ಮತ್ತೆ ಹೋದಳು. ಕೊನೆಗೂ ಹಿಮ್ಮಡಿ ನೆಲ ಮುಟ್ಟಿತು. ಪರಿಹಾರವೂ ಬಂತು. ತನ್ನ ಮಾತು ಕೇಳಿದ್ದರೆ ಇದರ ಎರಡರಷ್ಟು ಬರುತ್ತಿತ್ತೆಂದು ಭಾವ ಇಂದಿಗೂ ಕ್ಯಾಂಟೀನಿನಲ್ಲಿ ಸಾರುತ್ತಾನೆ.

ಅಂಗಡಿ ಮತ್ತೆ ತೆರೆದ ದಿನ ಮುದುಡಿದ ಅಂಗಿ ಹಿಡಿದು ಮೊದಲು ಬಂದವನೂ ಅವನೇ. ಎರಡೂ ಕಾಲ ಮೇಲೆ ನೆಟ್ಟಗೆ ನಿಂತಿದ್ದ ನಾದಿನಿ ಅಂಗಿಯನ್ನು ಹಾಗೇ ಹಿಂದಕ್ಕೆ ತಳ್ಳಿದಳು.

“ಇಸ್ತ್ರಿ ಗಿಸ್ತ್ರಿ ಏನೂ ಬೇಡ ಭಾವ, ಹಾಗೇ ಇಟ್ಕೊಳ್ಳಿ. ಸುಕ್ಕು ಜಾಸ್ತಿ ಆದಷ್ಟೂ ಬೆಲೆ ಜಾಸ್ತಿ.”