ಏಳನೆಯ ಹಾಡು

ಹೊಟ್ಟೆಕಿಚ್ಚು ಜಾನಕಿಗೆ ಹೊಸದಲ್ಲ. ಚಿಕ್ಕವಳಿದ್ದಾಗ ಅಕ್ಕನ ಜಡೆ, ಕಾಲೇಜಿನಲ್ಲಿ ಗೆಳತಿಯ ಇಂಗ್ಲಿಷ್, ಮದುವೆಯಾದ ಮೇಲೆ ಓರಗಿತ್ತಿಯ ಹೊಸ ಅಡುಗೆಮನೆ ಎಲ್ಲದಕ್ಕೂ ಅವಳು ಸರದಿಯ ಪ್ರಕಾರ ಹೊಟ್ಟೆ ಉರಿಸಿಕೊಂಡಿದ್ದಳು, ಆಮೇಲೆ ಮರೆತಿದ್ದಳು. ಆದರೆ ಹಾಡಿಗಾಗಿ ಹೊಟ್ಟೆ ಉರಿದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ಸ್ವೀಡನ್ನಿನಲ್ಲಿ, ಅದೂ ಬಟ್ಟೆ ಒಗೆಯುವ ಕೋಣೆಯಲ್ಲಿ.

ಬೆಂಗಳೂರಿನಲ್ಲಿ ಆಡಿಟರ್ ಆಫೀಸೊಂದರಲ್ಲಿ ಹನ್ನೊಂದು ವರ್ಷ ದುಡಿದವಳು, ಗಂಡ ಗಂಗಾಧರನಿಗೆ ಸ್ಟಾಕ್‌ಹೋಮ್ ಪಕ್ಕದ ಕಿಸ್ಟಾದಲ್ಲಿ ಕೆಲಸ ಸಿಕ್ಕಿದಾಗ ಎಲ್ಲ ಬಿಟ್ಟು ಬಂದಿದ್ದಳು. ಈಗ ಶಾಲೆಯೊಂದರ ಅಡುಗೆಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಆಲೂಗೆಡ್ಡೆ ಬೇಯಿಸುತ್ತಾಳೆ. ಗುರುವಾರ ರಜೆ. ಅವರ ಕಟ್ಟಡದ ಇಪ್ಪತ್ತು ಮನೆಗಳಿಗೂ ಸೇರಿ ನೆಲಮಾಳಿಗೆಯಲ್ಲಿ ಒಂದೇ ಒಗೆಯುವ ಕೋಣೆ. ಗೋಡೆಯ ವೇಳಾಪಟ್ಟಿಯ ಹಲಗೆಯಲ್ಲಿ ಬೇಕಾದ ದಿನ, ಹೊತ್ತಿನ ಜಾಗಕ್ಕೆ ನಮ್ಮ ಮನೆಯ ನಂಬರಿನ ಪುಟ್ಟ ಬೀಗ ಸಿಕ್ಕಿಸಿದರೆ ಆ ಮೂರು ಗಂಟೆ ಕೋಣೆ ನಮ್ಮದು. ಬೇರೆಯವರು ಆಗ ಕಾಲಿಟ್ಟರೆ ಅದು ಆ ದೇಶದಲ್ಲಿ ಕಳ್ಳತನಕ್ಕಿಂತ ಒಂದು ಕೂದಲೆಳೆಯಷ್ಟೇ ಕಡಿಮೆ. ಗುರುವಾರ ಬೆಳಗ್ಗೆ ಹತ್ತರಿಂದ ಒಂದರವರೆಗೆ ಜಾನಕಿಯ ಬೀಗ.

ಆ ಜಪಾನಿ ಗಾಯಕಿ ಸಿಕ್ಕಿದ್ದು ಅಲ್ಲಿಯೇ. 2014ರ ಒಂದು ಗುರುವಾರ ಫೋನಿನಲ್ಲಿ ಬಸ್ಸಾರಿನ ವಿಡಿಯೊ ಮುಗಿದು ತಾನಾಗಿ ಇನ್ನೊಂದು ಶುರುವಾಯಿತು. ಪಿಯಾನೊ ಮುಂದೆ ಕೂತ ಸಣಕಲು ಹೆಂಗಸು ಕಣ್ಣು ಮುಚ್ಚಿ, ಯಾರ ಮೇಲೋ ಜಗಳಕ್ಕೆ ಹೋದವಳಂತೆ ಹಾಡುತ್ತಿದ್ದಳು. ತಾನೇ ಬರೆದು, ತಾನೇ ರಾಗ ಹಾಕಿ ಹಾಡುವವಳು ಎಂದು ಆಮೇಲೆ ತಿಳಿಯಿತು. ಮೇಲಿನ ಸ್ವರದಲ್ಲಿ ಗಂಟಲು ಒಡೆದರೂ ಅವಳು ನಿಲ್ಲಿಸಲಿಲ್ಲ. ಜಾನಕಿಗೆ ಒಂದು ಪದವೂ ಅರ್ಥವಾಗಲಿಲ್ಲ, ಬಟ್ಟೆಬುಟ್ಟಿಯ ಮೇಲೆ ಕೂತು ಅತ್ತುಬಿಟ್ಟಳು.

ವರ್ಷ ಕಳೆಯುವಷ್ಟರಲ್ಲಿ ಅಚ್ಚುಮೆಚ್ಚಿನ ಹನ್ನೊಂದು ಹಾಡುಗಳ ಪಟ್ಟಿ ತಯಾರಾಯಿತು. ಹೆಸರು ಓದಲು ಬಾರದ್ದರಿಂದ ತಾನೇ ಹೆಸರಿಟ್ಟಳು. ಒಂದನೆಯದು 'ಮೆಟ್ಟಿಲ ಹಾಡು', ಏರುತ್ತಲೇ ಹೋಗುತ್ತದೆ. ನಾಲ್ಕನೆಯದು 'ಬೈಗುಳದ ಹಾಡು'. ಏಳನೆಯದು 'ಉಸಿರಿನ ಹಾಡು', ಅವಳು ಉಸಿರೆಳೆದುಕೊಳ್ಳುವ ಸದ್ದಿನಿಂದ ಶುರುವಾಗುವಂಥದ್ದು. ಮನೆಯಲ್ಲಿ ಹಾಕಿದರೆ ಗಂಗಾಧರ, "ಯಾರ್ನೇ ಬಯ್ತಾ ಇದಾಳೆ ಇವಳು?" ಎನ್ನುತ್ತಿದ್ದ. ಮಗಳು ಇರಾ ಸ್ವೀಡಿಷ್‌ನಲ್ಲಿ ಏನೋ ಗೊಣಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಜಾನಕಿಗೆ ಬೇಕಾದದ್ದೂ ಅದೇ. ಈ ದೇಶದಲ್ಲಿ ಮನೆ, ವೀಸಾ, ಗೆಳೆಯರು ಎಲ್ಲ ಗಂಡನ ಕಡೆಯಿಂದ ಬಂದದ್ದು. ಈ ಹನ್ನೊಂದು ಮಾತ್ರ ಅವಳದು. ಗಾಯಕಿಯನ್ನು ಅವಳು ಮನಸ್ಸಿನಲ್ಲೇ 'ನಮ್ಮೋಳು' ಎಂದು ಕರೆಯುತ್ತಿದ್ದಳು.

2016ರಲ್ಲಿ ಮೂರನೆಯ ಮಹಡಿಗೆ ಪ್ರಫುಲ್ಲಾ ಬಂದಳು. ಕುಮಟಾದ ಕಡೆಯ ಹುಡುಗಿ, ಇಪ್ಪತ್ತೆಂಟರ ವಯಸ್ಸು, ಕಿಸ್ಟಾದಲ್ಲೇ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬೀಗದ ಲೆಕ್ಕ ತಿಳಿಯದೆ ಗುರುವಾರ ಬುಟ್ಟಿ ಹೊತ್ತು ಸೀದಾ ಒಳಗೆ ನುಗ್ಗಿದಳು. ಜಾನಕಿ ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಅವಳು ಫೋನಿನ ಹಾಡು ಕೇಳಿ ನಿಂತಲ್ಲೇ ನಿಂತುಬಿಟ್ಟಿದ್ದಳು.

"ಯಾರಕ್ಕಾ ಇವ್ರು? ಮೈ ಜುಮ್ ಅಂತಲ್ಲ!"

ಎರಡು ವರ್ಷದಲ್ಲಿ ಹೀಗೆ ಕೇಳಿದವರು ಯಾರೂ ಇರಲಿಲ್ಲ. ಜಾನಕಿ ಕರಗಿಹೋದಳು. ಪಟ್ಟಿ ಕೊಟ್ಟಳು, ಒಂದು ಯಂತ್ರ ಬಿಟ್ಟುಕೊಟ್ಟಳು, ಪ್ರತಿ ಗುರುವಾರ ಬಾ ಎಂದಳು. ಎಲ್ಲ ಕೈಯಾರೆ ಮಾಡಿಕೊಂಡದ್ದು. ಪ್ರಫುಲ್ಲಾ ಅಂದಿನಿಂದ ಗುರುವಾರ ಮನೆಯಿಂದಲೇ ಕೆಲಸ ಮಾಡತೊಡಗಿದಳು.

ಮೂರೇ ವಾರದಲ್ಲಿ ಅವಳೆಂದಳು: "ಜಾನಕಕ್ಕ, ಲಿಸ್ಟ್ ಸೂಪರ್. ಆದ್ರೆ ಏಳನೇದು ಫಸ್ಟ್ ಇರ್ಬೇಕಿತ್ತು ನೋಡಿ."

"ನಿಂಗೆ ಹಂಗನ್ಸುತ್ತೆ," ಎಂದಳು ಜಾನಕಿ, ಒದ್ದೆ ಬೆಡ್‌ಶೀಟನ್ನು ಅಗತ್ಯಕ್ಕಿಂತ ಜೋರಾಗಿ ಕೊಡವುತ್ತ. ನಿನ್ನೆ ಮೊನ್ನೆ ಬಂದವಳು ನನ್ನ ಪಟ್ಟಿ ತಿದ್ದುವುದೇ? ಆ ರಾತ್ರಿಯೇ ಏಳನೆಯದನ್ನು ಹಾಕಿಕೊಂಡು ತಪ್ಪು ಹುಡುಕಲು ಕೂತಳು. ಸಿಗಲಿಲ್ಲ. ನಿಜಕ್ಕೂ ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಅದಕ್ಕೇ ಇನ್ನಷ್ಟು ಉರಿಯಿತು.

ಅಲ್ಲಿಂದ ಮುಂದೆ ಪ್ರಫುಲ್ಲಾ ಓಡಿದಳು, ಜಾನಕಿ ಹಿಂದೆ ಉಳಿದಳು. ಪ್ರಫುಲ್ಲಾ ಹಾಡುಗಳ ಅರ್ಥ ಹುಡುಕಿದಳು, ಗಾಯಕಿಯ ಸಂದರ್ಶನಗಳನ್ನೆಲ್ಲ ನೋಡಿದಳು, ಕೊನೆಗೆ ಜಪಾನಿ ತರಗತಿಗೂ ಸೇರಿದಳು. ಪರಿಚಯದ ನಳಿನಿಯ ಮನೆಯಲ್ಲಿ ಕನ್ನಡದವರೆಲ್ಲ ಫೀಕಾಕ್ಕೆಂದು ಕಾಫಿ, ಕೇಕಿನ ಮುಂದೆ ಸೇರಿದ್ದಾಗ ಏಳನೆಯ ಹಾಡನ್ನು ಹಾಡಿಯೇಬಿಟ್ಟಳು. ಕಂಠವೂ ಇತ್ತು ಪಾಪಿಗೆ. ನಳಿನಿ, "ಎಲ್ಲಿಂದ ಹುಡುಕ್ದ್ಯೇ ಇದನ್ನ?" ಎಂದಾಗ ಅವಳು, "ಜಾನಕಕ್ಕಂದೇ, ಅವ್ರೇ ಕೊಟ್ಟಿದ್ದು" ಎಂದಳು. ಹೇಳದೇ ಇದ್ದಿದ್ದರೆ ಕಳ್ಳಿ ಎಂದು ಬಯ್ಯಬಹುದಿತ್ತು. ಹೇಳಿದ್ದರಿಂದ ಜಾನಕಿ ಒಂದು ಲೋಟ ಸಕ್ಕರೆ ಕೊಟ್ಟ ಪಕ್ಕದ ಮನೆಯವಳಾದಳು, ಅಷ್ಟೆ. ಅವಳು ನಕ್ಕಳು, ದವಡೆ ನೋಯುವ ತನಕ ನಕ್ಕಳು.

ಮರುದಿನ ಜಾನಕಿ ಯಾರಿಗೂ ಹೇಳದೆ ತನ್ನ ಬೀಗವನ್ನು ಗುರುವಾರದಿಂದ ಕಿತ್ತು ಮಂಗಳವಾರ ಸಂಜೆಗೆ ಸಿಕ್ಕಿಸಿದಳು. ಗುರುವಾರ ಪ್ರಫುಲ್ಲಾ ಬುಟ್ಟಿ ಹಿಡಿದು ಮುಚ್ಚಿದ ಬಾಗಿಲ ಮುಂದೆ ನಿಂತದ್ದನ್ನು ಮೆಟ್ಟಿಲ ಮೇಲಿನಿಂದ ನೋಡಿದಳು. ಸಮಾಧಾನವಾಗಬೇಕಿತ್ತು, ಸ್ವಲ್ಪ ಆಯಿತು ಕೂಡ.

ಸಂಜೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಪ್ರಫುಲ್ಲಾ, ಬೀಗದ ಮಾತೇ ಇಲ್ಲ.

"ಅಕ್ಕಾ, ನಮ್ಮೋಳು ಬರ್ತಿದಾಳೆ! ಸ್ಟಾಕ್‌ಹೋಮ್‌ಗೆ, ಜೂನ್‌ನಲ್ಲಿ! ಎರಡು ಟಿಕೆಟ್ ತಗೊಂಡೆ, ನಿಮಗೂ ನಂಗೂ."

'ನಮ್ಮೋಳು.' ಯಾವತ್ತೋ ಬಾಯಿ ತಪ್ಪಿ ಅಂದಿದ್ದಿರಬೇಕು, ಆ ಪದವೂ ಹೋಯಿತು. ಅವಳು ಬರುವ ಸುದ್ದಿಯನ್ನೂ ಈಗ ಇವಳ ಬಾಯಿಂದಲೇ ಕೇಳಬೇಕು. ಟಿಕೆಟ್ ಹರಿದು ಮುಖಕ್ಕೆ ಎಸೆಯಬೇಕೆನ್ನಿಸಿತು. ಜಾನಕಿ ಅದನ್ನು ಈಸಿಕೊಂಡು ದೇವರ ಗೂಡಿನಲ್ಲಿ ಇಟ್ಟಳು.

ಜೂನ್ ತಿಂಗಳ ಶನಿವಾರ ಮಧ್ಯಾಹ್ನ, ಇನ್ನೂರು ಜನರ ಸಣ್ಣ ಸಭಾಂಗಣ. ಜಾನಕಿ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ. ಏಳನೆಯ ಹಾಡು ಹಾಡಲಿ, ಅದು ಒಮ್ಮೆಯಾದರೂ ತನ್ನೊಬ್ಬಳಿಗೇ ಕೇಳಲಿ. ನಾಲ್ಕು ಹಾಡುಗಳ ನಂತರ ಗಾಯಕಿ ಮೈಕಿಗೆ ಬಾಗಿದಳು. ಉಸಿರೆಳೆದುಕೊಂಡ ಸದ್ದು ಇಡೀ ಸಭಾಂಗಣಕ್ಕೆ ಕೇಳಿತು.

ಜಾನಕಿ ತಿರುಗಿ ಪ್ರಫುಲ್ಲಾಳನ್ನು ನೋಡಿದಳು.

ನೋಡಬಾರದಿತ್ತು. ಅಳುತ್ತಿದ್ದಾಳೆಯೇ? ಅಳುತ್ತಿದ್ದಾಳೆ. ತುಟಿ ಅಲ್ಲಾಡುತ್ತಿದೆ, ಒಂದೊಂದು ಪದವೂ ಗೊತ್ತು ಇವಳಿಗೆ. ನನಗೆ ಕಣ್ಣೀರೇ ಬರುತ್ತಿಲ್ಲವಲ್ಲ, ಇವಳಿಗೆ ಮಾತ್ರ ಹೇಗೆ ಬರುತ್ತದೆ? ಹೀಗೆ ನೋಡುತ್ತ, ಅಳೆಯುತ್ತ ಕೂತಿದ್ದವಳಿಗೆ ಚಪ್ಪಾಳೆ ಕೇಳಿಸಿತು. ಹಾಡು ಮುಗಿದುಹೋಗಿತ್ತು.

ಕಿಸ್ಟಾಕ್ಕೆ ಹಿಂದಿರುಗುವ ನೀಲಿ ಮೆಟ್ರೊದಲ್ಲಿ ಪ್ರಫುಲ್ಲಾ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಅಕ್ಕಾ, ಏಳನೇದ್ರಲ್ಲಿ ಮಧ್ಯ ನಿಲ್ಲಿಸ್ಬಿಟ್ರಲ್ಲ... ನಂಗೆ ಉಸಿರೇ ನಿಂತಂಗಾಯ್ತು. ಆಮೇಲೆ ಅವ್ರು ಹಂಗೆ ಮಾಡಿದ್ದು! ನೋಡಿದ್ರಲ್ಲ?"

"ಹೂಂ," ಎಂದಳು ಜಾನಕಿ.

ಎರಡು ನಿಲ್ದಾಣ ದಾಟಿದವು. ಜಾನಕಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಾನು ನೋಡ್ಲಿಲ್ಲ ಕಣೇ," ಎಂದಳು. "ಏನ್ ಮಾಡಿದ್ಲು? ನಿಲ್ಲಿಸಿದ್ಲು ಅಂದ್ಯಲ್ಲ... ಆಮೇಲೆ ಏನ್ ಮಾಡಿದ್ಲು, ಹೇಳು."